ಕಟ್ಟು ಬಿಚ್ಚಿದ ಹತ್ತಿ

ನಿರ್ಮಲಾ ದುಂಡಗೆ ಕತ್ತರಿಸಿದ ಹತ್ತಿಯ ಪ್ಯಾಡನ್ನು ಗಾಜಿನ ಕೊಳವೆಯೊಳಗೆ ಇಳಿಸುತ್ತಿದ್ದಳು. ಕೆಳಗಿನಿಂದ ಗಾಳಿ ಬಿಟ್ಟು, ಹತ್ತಿ ಅದನ್ನು ಎಷ್ಟು ತಡೆಯುತ್ತದೆಂದು ಅಳೆದರೆ, ಎಷ್ಟು ಸದ್ದು ನುಂಗೀತೆಂಬ ಅಂದಾಜು ಸಿಗುತ್ತದೆ. ಗಜೇಂದ್ರಗಡದ ಶಾಲೆಯೊಂದರ ಹಾಡಿನ ಕೋಣೆಗೆ ಈ ಪ್ಯಾಡುಗಳು ಹೋಗಬೇಕಿತ್ತು.

ಫೋನಿನಲ್ಲಿ ಅಕ್ಕ ಶ್ವೇತಾ. "ಗದಗಿನ ಗಂಡಿನ ಕಡೆಯವರು ಸಂಜಿಯೊಳಗ ಹೇಳ್ರಿ ಅಂತಾರ. ಹೂಂ ಅಂದುಬಿಡ್ಲೇನ?"

"ಕೆಲಸದಾಗ ಅದೀನಕ್ಕ. ನಾನ ಹೇಳ್ತೀನಿ." ಫೋನಿಟ್ಟು ಗಾಳಿ ಬಿಡಲು ಕೈ ಚಾಚಿದಳು.

"ತಡೀರಿ, ತಡೀರಿ!" ಬಾಗಿಲಲ್ಲಿ ಶ್ರೀಕೃಷ್ಣ. ನರಗುಂದದ ಈ ಸಣ್ಣ ವರ್ಕ್‌ಶಾಪಿನ ಎಂಜಿನಿಯರ್. "ಈಗಷ್ಟ ಕಟ್ಟು ಬಿಚ್ಚೀರಿ. ಒಂದ್ ರಾತ್ರಿ ಮಲಗ್ಲಿ ಬಿಡ್ರಿ ಅದು."

"ಹತ್ತಿಗೂ ನಿದ್ದಿ ಬೇಕೇನ್ರಿ?"

"ಮತ್ತ? ಬಿಗದು ಕಟ್ಟಿದ್ದು ಅರಳಾಕ ವ್ಯಾಳ್ಯಾ ಬೇಕು. ಈಗ ಅಳದ್ರ ಇಲ್ಲದ ಬಿಗಿ ತೋರಸ್ತೈತಿ."

ಅವಳು ನಕ್ಕಳು. ಅವಳ ಕಿವಿಯ ಬಳಿ ಹತ್ತಿಯ ಎಳೆಯೊಂದು ಅಂಟಿತ್ತು. ಅವನ ಕೈ ಮೇಲೆದ್ದಿತು, ಮತ್ತೆ ಜೇಬಿಗಿಳಿಯಿತು. ಮೊದಲಾದರೆ ತೆಗೆದು, ಊದಿ ಹಾರಿಸುತ್ತಿದ್ದ.

ದೀಪಾವಳಿಗೆ ಮುಂಚೆ ಇದೇ ಮೇಜಿನ ಬಳಿ ಅವನು ಕೇಳಿದ್ದ, ಮದುವೆಯಾಗುತ್ತೀರಾ ಎಂದು. ಅವ್ವ ಆಗ ದವಾಖಾನೆಯಲ್ಲಿದ್ದಳು. ನಿರ್ಮಲಾ ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ತಲೆ ಎತ್ತದೆ, "ಆಗೂದಿಲ್ರಿ" ಅಂದಿದ್ದಳು. ಅವನು ಮರ್ಯಾದೆಯಿಂದ ಮತ್ತೆ ಕೇಳಿರಲಿಲ್ಲ. ಹತ್ತಿಗೆ ಒಂದು ರಾತ್ರಿ ಬಿಡುವವನು ಅವಳಿಗೆ ಬಿಡಲಿಲ್ಲ, ಅವಳೂ ಬೇಡಲಿಲ್ಲ.

"ನಾಳಿಂದ ಈ ಟೆಸ್ಟಿಂಗ್ ನೀವ ನೋಡ್ಕೋಬೇಕ್ರಿ," ಅಂದ. "ಧಾರವಾಡದಾಗ ಕೆಲಸ ಆತು. ನಿಶ್ಚಯನೂ ಆತು."

"ಹುಡುಗಿ ಚಲೋ ಅದಾರೇನ್ರಿ?"

"ಭಾಳ ಚಲೋ ಅದಾರ. ನನ್ನ ಮಾತಿಗೆಲ್ಲ ನಗತಾರ. ನಿಮ್ಮಂಗ ಕಾಡಸೂದಿಲ್ಲ."

"ಪಾಪ. ಇನ್ನೂ ನಿಮ್ಮ ಗುರುತ ಹತ್ತಿಲ್ಲ ಅವರಿಗೆ."

ಇಬ್ಬರೂ ನಕ್ಕರು. ಆಮೇಲೆ ಅವನು ಮೆಲ್ಲಗೆ ಕೇಳಿದ, "ನಾ ಇನ್ನೊಮ್ಮೆ ಕೇಳಿದ್ದಿದ್ರ ಏನಂತಿದ್ರಿ?"

"ಹೌದು ಅಂತಿದ್ದೆ."

ಅವನು ಗೋಡೆಯ ಕಡೆ ತಿರುಗಿದ. "ಲಗೂ ಕೇಳಿದೆ. ನೀವು ಆಗೂದಿಲ್ಲ ಅಂದದ್ದನ್ನೂ ಲಗೂ ನಂಬಿದೆ," ಅಂದ. "ಈಗ ಆ ಹುಡುಗಿಗೆ ಮಾತು ಕೊಟ್ಟೀನ್ರಿ."

"ಗೊತ್ತೈತ್ರಿ. ಹೋಗಿ ಬರ್ರಿ."

ಅವನ ಬೈಕಿನ ಸದ್ದು ರೋಣದ ರಸ್ತೆಯಲ್ಲಿ ಕರಗುವವರೆಗೂ ಅವಳು ಕದಲಲಿಲ್ಲ.

ಸಂಜೆ ಮನೆಯಲ್ಲಿ ನಿರ್ಮಲಾ ರೊಟ್ಟಿ ಬಡಿಯುತ್ತಿದ್ದಾಗ ಅವ್ವ ಕೇಳಿದಳು, "ಶ್ವೇತಾಗ ಏನಂತ ಹೇಳಿದಿ?"

"ಇನ್ನೂ ಹೇಳಿಲ್ಲವ್ವ. ರೊಟ್ಟಿ ಆರತೈತಿ, ಉಣ್ಣ ಬಾ."

ಗದಗಿನವರಿಗೆ ಒಲ್ಲೆ ಎನ್ನುವುದು ಅಷ್ಟರಲ್ಲಿ ಅವಳೊಳಗೆ ಗಟ್ಟಿಯಾಗಿತ್ತು. ಇನ್ನೊಂದು ಹಿಟ್ಟಿನುಂಡೆ ತೆಗೆದುಕೊಂಡು ಬಡಿಯತೊಡಗಿದಳು.