ಮೂರನೇ ನಂಬರ್ ಗೈರುಹಾಜರ್

"ನಾ ಏನೂ ಒತ್ತಿಲ್ಲ!"

ಶೀತಲ್ ಹೀಗೆ ಹೇಳಿದ್ದು ಇದು ಐದನೇ ಸಲ. ಕೇಳುವವರು ಯಾರು? ಮನೆ ಮುಂದೆ ನಿಂತ ಬಿಳಿ ಕಾರು ಗಡಗಡ ನಡುಗುತ್ತಿತ್ತು. ಸ್ಟೇರಿಂಗ್ ನಡುಗುತ್ತಿತ್ತು, ಕನ್ನಡಿ ನಡುಗುತ್ತಿತ್ತು, ಒಳಗೆ ಕೂತ ಅಮೋಲ ಕಾಕಾನ ಗಲ್ಲವೂ ನಡುಗುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿನ್ನಿ ಸಂಜಿಕ ಕಾರಿನ್ಯಾಗ ಕುಂತ ಹಾಡ ಹಚ್ಚಿದಾಕಿ ನೀನ ಹೌದಿಲ್ಲೋ?" ಕಾಕಾ ಕೂಗಿದ. "ಯಾವುದೋ ಬಟನ್ ಒತ್ತಿ ಕೆಡಸೀದಿ! ನಾಳೆ ಜಮಖಂಡಿಗೆ ಹೆಣ್ಣು ನೋಡಾಕ ಹೋಗೂದೈತಿ. ಹಿಂಗ ನಡಗೂ ಗಾಡಿ ತಗೊಂಡ ಹೋಗ್ಲೇನು?"

"ಬರೇ ಹಾಡ ಹಚ್ಚೀನಿ, ಕಾಕಾ!"

ಅಜ್ಜ ಬಸಗೊಂಡಪ್ಪ ಮಗ್ಗದ ಕೋಣೆಯಿಂದ ಇಣುಕಿ, "ಕಾರಿಗೆ ಕೈ ಹಚ್ಚಬ್ಯಾಡ ಅಂತ ಹೇಳಿರಲಿಲ್ಲೇನ್ ನಿನಗ?" ಎಂದು ಗದರಿ ಒಳಗೆ ಹೋದರು. ಎದುರು ಮನೆಯ ತಾರವ್ವ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಅಯ್ಯ, ಹುಡುಗಿ ಕಾರ ಕೆಡಸ್ಯಾಳಂತ?"

ಇನ್ನೇನು ಬೇಕು! ತಾರವ್ವನ ಕಿವಿಗೆ ಬಿದ್ದ ಮಾತು ಬನಹಟ್ಟಿಯ ಆ ಓಣಿಗೆಲ್ಲ ಮುಟ್ಟಲು ಚಹಾ ಕುದಿಯುವಷ್ಟು ಹೊತ್ತೂ ಬೇಕಿಲ್ಲ. ಬಾಗಿಲು ಬಾಗಿಲಿನಲ್ಲಿ ಮಂದಿ ಬಂದು ನಿಂತರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಶೀತಲ್, ಬೆನ್ನ ಮೇಲಿನ ಪಾಟಿಚೀಲದ ಸಮೇತ ಓಣಿಯ ನಡುವೆ ಒಬ್ಬಳೇ ನಿಂತಿದ್ದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅತ್ತರೆ ತಪ್ಪು ಒಪ್ಪಿಕೊಂಡಂತೆ ಎಂದು ತುಟಿ ಕಚ್ಚಿಕೊಂಡಳು.

ಇಂಜಿನ್ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ, ನಿಜ. ಆದರೆ ಅವಳು ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ನಾಲ್ಕು ಮಗ್ಗ ಒಟ್ಟಿಗೆ ಓಡುತ್ತವೆ. ಒಂದು ನಿಂತರೂ ಪಡಸಾಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದವಳು ತಲೆ ಎತ್ತುತ್ತಾಳೆ.

"ಕಾಕಾ, ಸಪ್ಪಳ ಕೇಳು. ನಡುವ ಒಂದ ಬಡತ ತಪ್ಪಾಕತ್ತೈತಿ."

"ನಿನ್ನ ಶಾಣ್ಯಾತನ ಸಾಕು. ಗಾಡಿ ಹತ್ತು. ಏನ ಒತ್ತಿದಿ ಅಂತ ಮಿಸ್ತ್ರಿ ಮುಂದ ನೀನ ತೋರಸು."

ಓಡುವಾಗ ಕಾರು ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ನಿಲ್ಲಬೇಕಾದಾಗ ಮತ್ತೆ ಗಡಗಡ ಶುರುವಾಯಿತು. ಕಾಕಾ ಪ್ರತಿ ಸಲವೂ ಅವಳನ್ನೇ ದುರುಗುಟ್ಟಿ ನೋಡಿದ.

ರಬಕವಿ ರಸ್ತೆಯ ಗ್ಯಾರೇಜಿನಲ್ಲಿ ಸಾಬಣ್ಣ ಮಿಸ್ತ್ರಿ ಮೊದಲು ನೋಡಿದ್ದು ಕಾರನ್ನಲ್ಲ, ಅವಳನ್ನು. "ಯಾಕವಾ, ಮಾರಿ ಹಂಗ್ಯಾಕ ಉಬ್ಬೈತಿ?"

"ನಾ ಕೆಡಸೇನಿ ಅಂತಾನ್ರಿ ಕಾಕಾ. ನಾ ಹಾಡ ಅಷ್ಟ ಹಚ್ಚೀನ್ರಿ."

"ಹಾಡ ಹಚ್ಚಿದ್ರ ಇಂಜಿನ್ ಯಾಕ ಕೆಡತೈತಿ? ತಡಿ, ಮೊದಲ ಹಾಜರಿ ತಗೊಳ್ಳೂನು."

"ಹಾಜರಿ?"

"ಹೂಂ. ಇದರಾಗ ನಾಕ ಸಿಲಿಂಡರ್ ಅದಾವ. ನಾಕ ಮಂದಿ ಕೆಲಸಗಾರರು ಅಂತ ತಿಳ್ಕೊ. ಒಬ್ಬೊಬ್ಬರದ ವಾಯರ್ ತಗೀತೇನಿ. ತಗದ ಕೂಡ್ಲೆ ನಡಗೂದು ಹೆಚ್ಚಾದ್ರ ಅಂವಾ ಕೆಲಸಾ ಮಾಡಾಕತ್ತಿದ್ದ ಅಂದಂಗ. ಏನೂ ಫರಕ್ ಆಗ್ಲಿಲ್ಲಂದ್ರ?"

"ಅಂವಾ ಮೊದಲಿನಿಂದನ ಗೈರುಹಾಜರ್!" ಎಂದಳು ಶೀತಲ್.

ಸಾಬಣ್ಣ ಇಂಜಿನ್ ಚಾಲೂ ಇಟ್ಟೇ ಒಂದನೇ ವಾಯರ್ ತೆಗೆದ. ಕಾರು ಇನ್ನೂ ಜೋರಾಗಿ ಅಲುಗಾಡಿ ಬಂದ್ ಬೀಳುವಂತಾಯಿತು. "ಹಾಜರ್!" ಶೀತಲ್ ಕೂಗಿದಳು. ಅದನ್ನು ಸಿಗಿಸಿ ಎರಡನೆಯದು. "ಹಾಜರ್!" ಮೂರನೆಯದು ತೆಗೆದ. ಏನೂ ಆಗಲಿಲ್ಲ. ಇದ್ದ ನಡುಕವೇ ಇತ್ತು, ಒಂದಿಷ್ಟೂ ಹೆಚ್ಚಲಿಲ್ಲ. ನಾಲ್ಕನೆಯದೂ ಹಾಜರ್.

"ನಾ ಹೇಳಿದ್ನೆಲ್ಲ, ಒಂದ ಬಡತ ತಪ್ಪಾಕತ್ತೈತಿ ಅಂತ!"

ಕಾಕಾ ತನ್ನ ಮೊಬೈಲಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ನೋಡತೊಡಗಿದ.

ಸಾಬಣ್ಣ ಇಂಜಿನ್ ಬಂದ್ ಮಾಡಿ, ಮೂರನೇ ಜಾಗದಿಂದ, ಪ್ಲಗ್ಗಿಗೆ ಕರೆಂಟ್ ಕೊಡುವ ಗೇಣುದ್ದದ ಕರಿ ಕಾಯಿಲನ್ನು ಮೇಲಕ್ಕೆ ಎಳೆದ. ಅದರ ರಬ್ಬರಿನಿಂದ ನೀರು ತೊಟ್ಟಿಕ್ಕಿತು. ಕೆಳಗೆ ಪ್ಲಗ್ ಕೂರುವ ಕುಣಿಯಲ್ಲೂ ನೀರು.

"ನೀರ ನಿಂತ್ರ ಪ್ಲಗ್ಗಿನ್ಯಾಗ ಕಿಡಿ ಎಲ್ಲಿಂದ ಬರಬೇಕು? ಇಂಜಿನ್ ಮ್ಯಾಲ ನೀರ ಯಾರ ಹೊಡದ್ರಿ?"

ಶೀತಲ್ ಕಾಕಾನ ಕಡೆ ತಿರುಗಿದಳು. ನಿನ್ನೆ ಮುಂಜಾನೆ ಬಾನೆಟ್ ಎತ್ತಿ, ಬೋರ್‌ವೆಲ್ಲಿನ ಪೈಪು ಹಿಡಿದು, ಬೀಗರ ಕಣ್ಣಿಗೆ ಇಂಜಿನ್ನೂ ಮಿಂಚಬೇಕು ಎಂದು ತೊಳೆದವನು ಅವನೇ. ಹೇಳಲು ಅವಳ ಬಾಯಿ ತುರಿಸುತ್ತಿತ್ತು. ಆದರೂ ಅವನೇ ಹೇಳಲಿ ಎಂದು ಕಾದಳು.

"ಮಳಿ ಬಂದಿತ್ತೇನೋ..." ಎಂದ ಕಾಕಾ.

"ಬಾನೆಟ್ ಎತ್ತಿ ಬಂದಿತ್ತೇನ ಮಳಿ?" ಸಾಬಣ್ಣ ನಕ್ಕ.

"ನಾನ ತೊಳದಿದ್ನೋ ಮಾರಾಯಾ," ಎಂದ ಕಾಕಾ, ಸಣ್ಣ ದನಿಯಲ್ಲಿ.

ಸಾಬಣ್ಣ ಗಾಳಿ ಹೊಡೆದು ನೀರು ತೆಗೆದ, ಪ್ಲಗ್ ಒರೆಸಿದ, ಕಾಯಿಲ್ ಒಣಗಿಸಿ ಕೂರಿಸಿದ. ಚಾಲೂ ಮಾಡಿದರೆ ಕಾರು ನಿಂತಲ್ಲೇ ಹಾಯಾಗಿ ಗುರುಗುಟ್ಟಿತು.

ಬರುವಾಗ ಕಾಕಾ ಕುಲ್ಫಿ ಗಾಡಿಯ ಹತ್ತಿರ ನಿಲ್ಲಿಸಿದ. "ತಿಂತೀ?"

"ಬ್ಯಾಡ. ಎಲ್ಲಾರ ಮುಂದ ಬೈದಿ. ಎಲ್ಲಾರ ಮುಂದನ ಹೇಳು."

"ಮನ್ಯಾಗ ಹೇಳ್ತೇನಿ ಬಿಡ, ಸಾವಕಾಶ..."

"ಓಣ್ಯಾಗ ಬೈದಿ. ಓಣ್ಯಾಗ ಹೇಳು."

ಮನೆ ಮುಟ್ಟಿದಾಗ ಮಗ್ಗಗಳು ಧಡಧಡ ಓಡುತ್ತಿದ್ದವು. ತಾರವ್ವ ಕಟ್ಟೆಯ ಮೇಲೆ ಕೂತು ಕೇಳಿದಳು, "ಏನಾಗಿತ್ತಂತಪಾ?"

"ಶೀತಲ್ದು ತಪ್ಪಿಲ್ಲಂತ," ಕಾಕಾ ಗೊಣಗಿದ.

"ಆಂ? ಮಗ್ಗದ ಸಪ್ಪಳಕ್ಕ ಏನೂ ಕೇಳಸೂದಿಲ್ಲಪಾ!"

ಕಾಕಾ ಶೀತಲ್‌ಳತ್ತ ನೋಡಿದ. ಅವಳು ಕದಲಲಿಲ್ಲ. ಅವನು ದೊಡ್ಡ ಉಸಿರು ತೆಗೆದುಕೊಂಡ.

"ಕಾರ ಕೆಡಸಿದಾಂವ ನಾನ! ಶೀತಲ್ ಅಲ್ಲ, ನಾನ!"

ಅಷ್ಟರಲ್ಲೇ ಅಜ್ಜ ಮಗ್ಗ ಬಂದ್ ಮಾಡಿದ್ದರು. ಮಾತು ಓಣಿಯ ಆ ತುದಿಗೂ ಮುಟ್ಟಿತು. ಬಾಗಿಲು ಬಾಗಿಲಿನಲ್ಲಿ ಮಂದಿ ಬಂದು ನಿಂತರು. ಯಾರೋ ಕಿಸಕ್ಕನೆ ನಕ್ಕರು. ಓಣಿಯ ನಡುವೆ ಒಬ್ಬನೇ ನಿಂತ ಕಾಕಾನ ಕಿವಿಗಳು ಕೆಂಪಾಗಿದ್ದವು.

ತಾನೂ ನಗಬೇಕೆಂದು ಶೀತಲ್ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಈಗ ನಗು ಬರಲಿಲ್ಲ. ಮಧ್ಯಾಹ್ನ ತಾನು ಅಲ್ಲಿ ನಿಂತಾಗ ಯಾರೂ ಹತ್ತಿರ ಬಂದಿರಲಿಲ್ಲ.

ಅವಳು ಹೋಗಿ ಕಾಕಾನ ಪಕ್ಕದಲ್ಲಿ ನಿಂತಳು.