ಎಡಗಡೆಯ ಕೊಳಲು

ಕೆಟ್ಟುಹೋದ ಹೆಡ್‌ಫೋನನ್ನು ತುಂಬಾ ಚೆನ್ನಾಗಿದೆ ಎಂದು ಹೊಗಳಿದ್ದರಿಂದಲೇ ಚೈತ್ರ ಸಿಕ್ಕಿಬಿದ್ದಳು.

ಅವಳದು ಕಸ್ಟಮರ್ ಕೇರ್ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಯಾರದೋ ಫ್ರಿಜ್ಜು, ಯಾರದೋ ವಾಷಿಂಗ್ ಮೆಷಿನ್ನಿನ ದೂರು ಕೇಳಬೇಕು. ಕಡಿಮೆ ಬೆಲೆಯದೊಂದು ವೈರ್‌ಲೆಸ್ ಹೆಡ್‌ಫೋನ್ ಬೇಕೆಂದು ಕೊಪ್ಪ ಬಸ್‌ಸ್ಟ್ಯಾಂಡಿನ ಎದುರಿದ್ದ ಯಜ್ಞೇಶನ ಮೊಬೈಲ್ ಅಂಗಡಿಗೆ ಬಂದಿದ್ದಳು. ಅವನು ತೋರಿಸಲು ಇಟ್ಟಿದ್ದ ಪೀಸು ತೆಗೆದು ಹಾಡು ಹಾಕಿದ.

"ಎರಡೂ ಕಡೆ ಸರಿಯಾಗಿ ಕೇಳ್ತಿದೆಯಾ ಮೇಡಂ?"

"ಎರಡೂ ಕಡೆ. ತುಂಬಾ ಕ್ಲಿಯರ್ ಇದೆ," ಎಂದು ಹೊಸ ಬಾಕ್ಸ್ ತೆಗೆದುಕೊಂಡು ಹೊರಟಳು.

ಮೂರು ದಿನ ಬಿಟ್ಟು, ಅದನ್ನು ಲ್ಯಾಪ್‌ಟಾಪಿಗೂ ಫೋನಿಗೂ ಒಟ್ಟಿಗೇ ಜೋಡಿಸುವುದು ಹೇಗೆಂದು ಕೇಳಲು ಬಂದಳು. ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ ಅವನ ಫೋನ್ ನಿಂತಿತ್ತು. ಅವನಿಗೊಂದು ಯೂಟ್ಯೂಬ್ ಚಾನೆಲ್ ಇತ್ತು. ಕಡಿಮೆ ಬೆಲೆಯ ಹೆಡ್‌ಫೋನುಗಳನ್ನು ವಾರಗಟ್ಟಲೆ ಬಳಸಿ, ಯಾವುದರ ಬ್ಯಾಟರಿ ಬಾಳಿಕೆ ಬರುತ್ತದೆ, ಯಾವುದು ಒಂದು ಗಂಟೆಗೇ ಕಿವಿ ಬೇಯಿಸುತ್ತದೆ ಎಂದು ಕನ್ನಡದಲ್ಲಿ ಹೇಳುತ್ತಿದ್ದ. ನೋಡುವವರು ಬೆರಳೆಣಿಕೆಯಷ್ಟು ಜನ.

ಯಜ್ಞೇಶ ದನಿ ಇಳಿಸಿದ. "ಮೇಡಂ, ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಹಾಕಿಕೊಂಡ ಪೀಸಲ್ಲಿ ಎಡಗಡೆ ಸತ್ತೇಹೋಗಿತ್ತು. ನೀವು ಹೋದ್ಮೇಲೆ ನನಗೂ ಗೊತ್ತಾಗಿದ್ದು."

ಚೈತ್ರಳ ಮುಖ ಬಿಳಿಚಿಕೊಂಡಿತು.

ಏಳನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎಡಗಿವಿಯನ್ನು ಪೂರ್ತಿ ಕಿತ್ತುಕೊಂಡಿತ್ತು. ಎಲ್ಲಿಗೆ ಹೋದರೂ ಎಡತುದಿಯಲ್ಲೇ ಕೂರು, ಆಗ ಎಲ್ಲರೂ ನಿನ್ನ ಬಲಕ್ಕೇ ಬರ್ತಾರೆ ಎಂದು ಅಮ್ಮ ರಾಧಮ್ಮ ಕಲಿಸಿದ್ದರು. ಶಾಲೆ, ಕಾಲೇಜು, ಇಂಟರ್‌ವ್ಯೂ ಎಲ್ಲವನ್ನೂ ಅವಳು ಹಾಗೆಯೇ ದಾಟಿದ್ದಳು.

"ಯಾರಿಗೂ ಹೇಳ್ಬೇಡಿ," ಎಂದಳು.

"ನಾನ್ಯಾಕೆ ಹೇಳ್ಲಿ? ನಿಮ್ಮ ಫೋನ್ ಕೊಡಿ ಒಂದ್ನಿಮಿಷ."

ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಒಳಗೆ ಹೋಗಿ ಏನನ್ನೋ ಒತ್ತಿದ. "ಇದು ಮೊನೊ ಆಡಿಯೋ ಅಂತ. ಎಡಗಡೆ ಬರೋದನ್ನೂ ತಂದು ಬಲಗಡೆಗೇ ಸೇರಿಸುತ್ತೆ. ಈಗ ನಿಮಗಿಷ್ಟದ ಹಾಡು ಯಾವುದಾದ್ರೂ ಹಾಕಿ."

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನೂರಾರು ಸಲ ಕೇಳಿದ ಹಾಡೊಂದನ್ನು ಹಾಕಿ, ಹೊಸ ಹೆಡ್‌ಫೋನ್ ಏರಿಸಿಕೊಂಡಳು. ಹಾಡುಗಾರ್ತಿ ಮೊದಲ ಸಾಲು ಮುಗಿಸಿ ಉಸಿರೆಳೆದುಕೊಂಡಳು. ಅಲ್ಲಿ ಒಂದು ಕೊಳಲು ಬಂತು.

ಅವಳಿಗೆ ಅದು ಖಾಲಿ ಜಾಗವಾಗಿತ್ತು. ಇಷ್ಟು ವರ್ಷ ಅಲ್ಲಿ ಏನೂ ಇಲ್ಲವೆಂದೇ ಅಂದುಕೊಂಡಿದ್ದಳು. ಈಗ ಪ್ರತಿ ಸಾಲಿಗೂ ಕೊಳಲು ಉತ್ತರ ಕೊಡುತ್ತಿತ್ತು.

"ಇದು ಮೊದಲಿಂದಲೂ ಇತ್ತಾ?"

"ಇತ್ತು. ಎಡಗಡೆ ಇತ್ತು."

ಅವಳು ನಗಲು ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಯಜ್ಞೇಶ ಏನು ಮಾಡಬೇಕೆಂದು ತೋಚದೆ, ಆಗಲೇ ಒರೆಸಿಟ್ಟಿದ್ದ ಗಾಜನ್ನು ಮತ್ತೆ ಒರೆಸತೊಡಗಿದ. ಕದ್ದು ಒಮ್ಮೆ ಅವಳನ್ನು ನೋಡಿದ. ಆ ನೋಟ ಅವಳಿಗೆ ಸಿಕ್ಕಿತು. ಅವನು ಮತ್ತೆ ಗಾಜಿಗೆ ಬಗ್ಗಿದ.

ಅಲ್ಲಿಂದ ಮುಂದೆ ಇಬ್ಬರ ಭಾನುವಾರಗಳೆಲ್ಲ ಅವನ ಚಾನೆಲ್ಲಿನ ಹೆಡ್‌ಫೋನುಗಳವಾದವು.

ಬ್ಯಾಟರಿ ಪರೀಕ್ಷೆ ಎಂದು ಶೃಂಗೇರಿಗೆ ಹೋದರು. ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ, ಹೆಡ್‌ಫೋನ್ ಎಷ್ಟು ಹೊತ್ತಿಗೆ ಆರುತ್ತದೆಂದು ಕಾದರು. ಸಂಜೆಯಾದರೂ ಆರಲಿಲ್ಲ.

"ಇದಕ್ಕೆ ಬ್ಯಾಟರಿ ಮಾತ್ರ ಇರೋದು ಮಾರಾಯ. ಬೇಸ್ ಜಾಸ್ತಿಯಾಗಿ ಹಾಡೋರ ಬಾಯಿ ಕಟ್ಟಿದ ಹಾಗಿದೆ," ಎಂದಳು ಚೈತ್ರ.

"ಒಂದೇ ಕಿವೀಲಿ ಇಷ್ಟು ತಪ್ಪು ಹುಡುಕ್ತೀಯಲ್ಲ ಮಾರಾಯ್ತಿ!"

ಆ ಮಾತನ್ನು ಅಷ್ಟು ಹಗುರವಾಗಿ ಅವಳೆದುರು ಯಾರೂ ಆಡಿರಲಿಲ್ಲ. ಅವಳಿಗೆ ನೋವಾಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

ಇನ್ನೊಂದು ಭಾನುವಾರ ಮೈಕ್ ಪರೀಕ್ಷೆಗೆ ಕಿಗ್ಗದ ಹತ್ತಿರದ ಜಲಪಾತಕ್ಕೆ ಹೋದರು. ಅವಳು ಮೇಲೆ ಮೆಟ್ಟಿಲಲ್ಲಿ ಫೋನ್ ಹಿಡಿದು ಕೂತಳು. ಅವನು ಹೆಡ್‌ಫೋನ್ ಹಾಕಿಕೊಂಡು ನೀರಿನ ಬುಡದಲ್ಲಿ ನಿಂತು ಕಾಲ್ ಮಾಡಿದ. ಮೊದಲು ಒಂದು, ಎರಡು, ಮೂರು ಎಂದ. ಆಮೇಲೆ ಅವಳತ್ತ ತಿರುಗಿ, ಅವಳನ್ನೇ ನೋಡುತ್ತಾ ಏನೋ ಹೇಳಿದ. ಬರೀ ನೀರಿನ ಭೋರ್ಗರೆತ ಕೇಳಿತು.

"ಎಂತ ಹೇಳಿದ್ದು?" ಅವನು ಮೇಲೆ ಬಂದ ಮೇಲೆ ಕೇಳಿದಳು.

"ಕೇಳಿಸ್ಲಿಲ್ವಾ? ಹಾಗಾದ್ರೆ ಮೈಕ್‌ಗೆ ಹತ್ತಕ್ಕೆ ಎರಡೇ ಮಾರ್ಕ್ಸು."

"ಯಜ್ಞೇಶ, ಎಂತ ಹೇಳಿದ್ದು ಹೇಳು."

"ಒಳ್ಳೆ ಮೈಕ್ ಸಿಗ್ಲಿ, ಹೇಳ್ತೀನಿ." ಅವನ ರೆಪ್ಪೆಯ ಮೇಲೆ ನೀರಿನ ಹನಿಗಳಿದ್ದವು. ಅವಳು ಕರ್ಚೀಫು ಕೊಟ್ಟಳು. ಅವನು ಒರೆಸಿಕೊಳ್ಳದೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಅವಳು ಕಾದಳು. ಆ ಕಾಯುವಿಕೆಯೇ ಎಷ್ಟು ಚಂದವಿತ್ತೆಂದರೆ ಅವಸರಿಸುವ ಮನಸ್ಸೂ ಬರಲಿಲ್ಲ.

ಎರಡು ವಾರದ ನಂತರ, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಜೊತೆಯ ರಮ್ಯ ಫೋನ್ ಹಿಡಿದು ಓಡಿಬಂದಳು. "ಚೈತ್ರ, ಇದು ನೀನಲ್ವಾ?"

'ಒಂದೇ ಕಿವಿಯ ಹುಡುಗಿಗೆ ಮೊದಲ ಸಲ ಪೂರ್ತಿ ಹಾಡು ಕೇಳಿಸಿದಾಗ!' ಎಂದಿತ್ತು ವಿಡಿಯೋದ ಹೆಸರು.

ಅಂಗಡಿ, ಗಾಜಿನ ಮೇಜು, ಅವಳು. ಆ ದಿನ ಸ್ಟ್ಯಾಂಡಿನಲ್ಲಿದ್ದ ಫೋನ್ ರೆಕಾರ್ಡ್ ಮಾಡುತ್ತಲೇ ಇತ್ತು. ಅವಳ ಅಳು, ಸೋರುವ ಮೂಗು, 'ಇದು ಮೊದಲಿಂದಲೂ ಇತ್ತಾ' ಎಂಬ ಒಡೆದ ದನಿ, ಎಲ್ಲವೂ ಇತ್ತು. 'ಯಾರಿಗೂ ಹೇಳ್ಬೇಡಿ' ಎಂದದ್ದನ್ನು ಮಾತ್ರ ಕತ್ತರಿಸಿದ್ದ.

ಕೊನೆಗೆ ಯಜ್ಞೇಶನೇ ಪರದೆಯ ಮೇಲೆ ಬಂದ. "ಈ ಹುಡುಗಿಯನ್ನ ನಾನು ಪ್ರೀತಿಸ್ತೀನಿ. ಅವಳಿಗಿನ್ನೂ ಹೇಳಿಲ್ಲ. ನನಗೆ ಧೈರ್ಯ ಬರಲಿ ಅಂತ ಒಂದು ಲೈಕ್ ಮಾಡಿ."

ಅದನ್ನು ಆಗಲೇ ಎರಡು ಲಕ್ಷ ಜನ ನೋಡಿದ್ದರು. ಎಲ್ಲರಿಗಿಂತ ಕೊನೆಗೆ ಅವಳು ಕೇಳಿದಳು.

ಕೆಳಗೆ ಕಾಮೆಂಟುಗಳು. ಪಾಪ. ದೇವರು ಒಳ್ಳೇದು ಮಾಡಲಿ. 'ಇಂಥ ಹುಡುಗಿಯನ್ನೂ ಒಪ್ಪಿಕೊಂಡಿದ್ದೀಯಲ್ಲ, ದೊಡ್ಡ ಮನಸ್ಸು ಮಾರಾಯ ನಿಂದು.' ಅದಕ್ಕೆ ಯಜ್ಞೇಶ ಕೈಮುಗಿದ ಚಿತ್ರ ಹಾಕಿದ್ದ.

ಮಧ್ಯಾಹ್ನ ಮೇಲಿನವರು ಕರೆದರು. "ಇಂಟರ್‌ವ್ಯೂನಲ್ಲಿ ಹೇಳ್ಬೇಕಿತ್ತಮ್ಮ," ಎಂದು ಮೆತ್ತಗೆ ಹೇಳಿ, ಕಾಲ್‌ಗಳಿಂದ ತೆಗೆದು ಟೈಪಿಂಗಿಗೆ ಹಾಕಿದರು. ಐದು ವರ್ಷದಲ್ಲಿ ಅವಳ ಮೇಲೆ ಒಬ್ಬ ಗ್ರಾಹಕನೂ ದೂರು ಹೇಳಿರಲಿಲ್ಲ. ಸಂಜೆ ಊರು ಕಡಹಿನಬೈಲಿನಿಂದ ಅಮ್ಮ ಫೋನ್ ಮಾಡಿ ಏನೂ ಮಾತಾಡದೆ ಅತ್ತರು.

ಅವಳು ನೇರ ಅಂಗಡಿಗೆ ಹೋದಳು. ಯಜ್ಞೇಶ ನಗುತ್ತಾ ಎದ್ದ. ಅವನು ಕಾಯುತ್ತಿದ್ದ, ಹೊಸ ಅಂಗಿ ಹಾಕಿಕೊಂಡು.

"ನೋಡಿದ್ಯಾ?"

"ನನ್ನ ಯಾಕೆ ಕೇಳಲಿಲ್ಲ?"

ಅವನ ನಗು ಅರ್ಧಕ್ಕೆ ನಿಂತಿತು. "ಸರ್‌ಪ್ರೈಸ್ ಅಂತ... ಎಷ್ಟು ಜನ ನಿನಗೆ ಒಳ್ಳೇದು ಬಯಸಿದ್ದಾರೆ ನೋಡು ಚೈತ್ರ. ನಿನ್ನ ಹಾಗೇ ಇರೋ ಎಷ್ಟೋ ಜನಕ್ಕೆ ಆ ಸೆಟ್ಟಿಂಗ್ ಗೊತ್ತಾಯ್ತು."

"ಸೆಟ್ಟಿಂಗ್ ತೋರಿಸೋಕೆ ನನ್ನ ಅಳು ಬೇಕಿತ್ತಾ? ಯಾಕೆ ಕೇಳಲಿಲ್ಲ ಹೇಳು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

ಹೊರಗೆ ಬಸ್ಸೊಂದು ಹಾರನ್ ಹೊಡೆಯಿತು.

"ಅವತ್ತೇ ಡಿಲೀಟ್ ಮಾಡ್ಬೇಕು ಅಂತಿದ್ದೆ, ದೇವರಾಣೆ," ಎಂದ ಯಜ್ಞೇಶ. "ಆಗಲಿಲ್ಲ. ಅಂಗಡಿ ಬಾಗಿಲು ಹಾಕೋ ಮುಂಚೆ ದಿನಾ ಒಂದ್ಸಲ ನೋಡ್ತಿದ್ದೆ. ನಾಲ್ಕು ವರ್ಷದಿಂದ ವಿಡಿಯೋ ಹಾಕ್ತಿದ್ದೀನಿ ಚೈತ್ರ, ಒಂದು ನಾಯೀನೂ ತಿರುಗಿ ನೋಡಿರ್ಲಿಲ್ಲ. ನಾಳೆನೇ ನಿಮ್ಮನೆಗೆ ಬರ್ತೀನಿ, ನಿಮ್ಮಮ್ಮನ ಹತ್ರ ಮಾತಾಡ್ತೀನಿ. ಮದುವೆ ಆಗೋಣ."

ಒಂದು ದಿನ ಮೊದಲು ಹೇಳಿದ್ದರೆ ಆ ಮಾತಿಗೆ ಅವಳು ಏನು ಉತ್ತರ ಕೊಡುತ್ತಿದ್ದಳೋ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬರಬೇಡ. ಅದನ್ನ ತೆಗಿ," ಎಂದಳು.

"ತೆಗೀತೀನಿ. ಸ್ವಲ್ಪ ದಿನ ಕೊಡು. ಈಗಷ್ಟೇ..."

ಆ 'ಸ್ವಲ್ಪ ದಿನ' ಕೇಳಿಸಿದ ಮೇಲೆ ಅವಳು ಅಲ್ಲಿ ನಿಲ್ಲಲಿಲ್ಲ.

ಕೊಪ್ಪದ ಕೆಲಸ ಬಿಟ್ಟು ಊರಿಗೆ ಬಂದಳು. ಹತ್ತಿರದ ಎನ್.ಆರ್. ಪುರದಲ್ಲಿ ಖುರ್ಷಿದಾ ಎಂಬವರ ಜೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಕೆಲಸ ಸಿಕ್ಕಿತು. ಮೊದಲ ದಿನವೇ ಬಾಗಿಲಲ್ಲಿ ನಿಂತು, "ಅಕ್ಕಾ, ನನಗೆ ಎಡಗಿವಿ ಕೇಳಲ್ಲ," ಎಂದಳು. ಖುರ್ಷಿದಾ ತಲೆ ಎತ್ತಿ, "ಇಂಗ್ಲಿಷ್ ಟೈಪಿಂಗ್ ಬರುತ್ತಲ್ಲ?" ಎಂದರು. ಆದರೆ ಜನ ಬಿಡಬೇಕಲ್ಲ. ಅರ್ಜಿ ಕೊಡುತ್ತಾ, "ಆ ವಿಡಿಯೋದಲ್ಲಿ ಅಳ್ತಿದ್ದಿದ್ದು ನೀವೇ ಅಲ್ವಾ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಯಜ್ಞೇಶ ಬಂದ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮಾತಾಡಿದರು. ಅವನು ಸೊರಗಿದ್ದ.

"ತೆಗೆದೆ. ಚಾನೆಲ್ಲೇ ಮುಚ್ಚಿದೆ. ಆದ್ರೆ ಬೇರೆಯವರು ಇಳಿಸಿಕೊಂಡು ಹಾಕಿದ್ದಾರೆ, ಅದು ನನ್ನ ಕೈಲಿಲ್ಲ."

"ಗೊತ್ತು. ಮೊನ್ನೆ ಒಬ್ಬರು ನನಗೇ ಕಳಿಸಿದ್ರು."

"ತಪ್ಪಾಯ್ತು ಚೈತ್ರ. ನಾನು ನಿನ್ನ ಪ್ರೀತಿಸೋದು ಸುಳ್ಳಲ್ಲ."

ಅವಳು ಅವನ ಮುಖ ನೋಡಿದಳು. ಸುಳ್ಳಾಗಿದ್ದರೆ ಸುಲಭವಿತ್ತು ಅನ್ನಿಸಿತು.

"ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನನಗೂ ಇದೆ. ಇವತ್ತೂ ಇದೆ. ಆದ್ರೆ ನಿನ್ನ ಮುಂದೆ ಇನ್ನೊಂದ್ಸಲ ಅಳೋಕೆ ನನಗೆ ಹೆದರಿಕೆ, ಯಜ್ಞೇಶ. ಅಳೋಕೆ ಹೆದರಿಕೆಯಾಗೋ ಮನೇಲಿ ನಾನು ಹೇಗೆ ಬಾಳ್ಲಿ?"

 

ಊರಿನ ಬಸ್ಸು ಬಂತು. ಅವಳು ಬ್ಯಾಗು ಎತ್ತಿಕೊಂಡು ಹತ್ತಿದಳು. ಅವನು ಹಿಂದೆ ಬರಬಾರದು ಎಂದುಕೊಂಡೇ ಸೀಟಿನಲ್ಲಿ ಕೂತಳು. ಡ್ರೈವರ್ ಚಹಾ ಕುಡಿದು ಬರುವಷ್ಟು ಹೊತ್ತು ಬಸ್ಸು ನಿಂತೇ ಇತ್ತು. ಅವನು ಬರಲಿಲ್ಲ.

ಬಸ್ಸು ಹೊರಟ ಮೇಲೆ ಕಂಡಕ್ಟರ್ ಟಿಕೆಟ್ ಕೇಳಿದ. ಅವಳು ಕಡಹಿನಬೈಲು ಎಂದಳು. ಕಂಡಕ್ಟರಿಗೆ ಕೇಳಿಸಲಿಲ್ಲ. ಮುಖ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿ, ಇನ್ನೊಮ್ಮೆ ಹೇಳಿದಳು.