ಕೊಟ್ರಪ್ಪನವರ ಕಾರಿನ ಟಿಕಟಿಕ

"ಹೊಸ ಬುಷ್ ಹಾಕ್ತೀನಿ ಅಂತ ಹೇಳಿ ಹಳೇದೇ ಹಾಕಿದ್ದೀಯಲ್ಲ ಮಾರಯ್ಯ? ನಾನು ತಂದುಕೊಟ್ಟ ಹೊಸ ಸಾಮಾನು ಎಲ್ಲಿಗೆ ಹೋಯ್ತು? ಕಳ್ಳತನ ಅಲ್ವೇನಯ್ಯ ಇದು?"

ಕೊಟ್ರಪ್ಪನವರು ಈ ಮಾತನ್ನು ಒಳಗೆ ಕರೆದು ಕೇಳಿದ್ದರೆ ಮಾರಯ್ಯ ಹೇಗೋ ತಡೆದುಕೊಳ್ಳುತ್ತಿದ್ದ. ಅವರು ಗೇಟಿನಲ್ಲಿ ನಿಂತು, ಎದುರುಮನೆ ಸಂಜೀವಯ್ಯನವರ ಮುಂದೆ, ಜೆ.ಪಿ. ನಗರದ ಆ ರಸ್ತೆಗೆಲ್ಲ ಕೇಳುವಂತೆ ಕೇಳಿದರು. ಬಾನೆಟ್ ಎತ್ತಿದ್ದ ಅಂಬಾಸಡರ್ ಕಾರು ಟಿಕ್ ಟಿಕ್ ಎಂದು ಅವರ ಮಾತಿಗೆ ತಾಳ ಹಾಕುತ್ತಿತ್ತು.

ಅವರ ಮನೆಯ ಶೆಡ್ಡಿನಲ್ಲೇ ಇಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದವನು ಮಾರಯ್ಯ. ಕಟ್ಟಿದ ಮಾರನೆಯ ದಿನದಿಂದಲೇ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳಿಂದ ಈ ಸದ್ದು. ಇನ್ನೊಬ್ಬ ಮೆಕ್ಯಾನಿಕ್ ಬೋರಯ್ಯ ಬಂದು ನೋಡಿ, ರಾಕರ್‌ಗಳೊಳಗಿನ ಬುಷ್ ಬಳೆಗಳು ಸವೆದಿವೆ, ಹಳೆಯವೇ ಇರಬೇಕು ಎಂದು ಕಡ್ಡಿ ಗೀರಿ ಹೋಗಿದ್ದ. ತಿಲಕ್ ನಗರದ ಮಾರಯ್ಯನ ಗ್ಯಾರೇಜಿಗೆ ಬೋರ್ಡು ಕೂಡ ಇರಲಿಲ್ಲ. ಜನ ಅವನ ಹೆಸರು ಕೇಳಿಕೊಂಡು ಬರುತ್ತಿದ್ದರು. ಆ ಹೆಸರಿಗೇ ಮಸಿ ಬಿದ್ದರೆ ಬಾಗಿಲು ಹಾಕುವುದೊಂದೇ ದಾರಿ.

ಅವನು ನೇರ ಹನುಮಂತನಗರಕ್ಕೆ ಹೋಗಿ ಗೌರೀಶಂಕರರ ಬಾಗಿಲು ತಟ್ಟಿದ. ಅವರು ಮೋಟಾರು ವಿಮೆಯ ಸರ್ವೇಯರ್. ಅಪಘಾತದ ಕಾರುಗಳ ಸುಳ್ಳು ನಿಜ ಬಿಡಿಸುವುದೇ ಅವರ ಕಸುಬು. ಮರುದಿನ ಬೆಳಿಗ್ಗೆ ಕೊಟ್ರಪ್ಪನವರ ಕಾರ್ ಶೆಡ್ಡಿನಲ್ಲಿ ಅವರ ವಿಚಾರಣೆ ಶುರುವಾಯಿತು.

"ರಾಕರ್‌ಗೂ ವಾಲ್ವ್‌ಗೂ ನಡುವಿನ ಟ್ಯಾಪೆಟ್ ಗ್ಯಾಪು ನೋಡಿದ್ಯಾ?"

"ಹತ್ತಾರು ಸಲ ನೋಡಿದೆ ಸಾರ್. ಸೆಟ್ ಮಾಡಿದ ತಕ್ಷಣ ಸದ್ದು ನಿಲ್ಲುತ್ತೆ. ಜಯನಗರಕ್ಕೆ ಹೋಗಿ ಬರೋಷ್ಟರಲ್ಲಿ ಮತ್ತೆ ಶುರು."

"ಆಗ ಗ್ಯಾಪು ಬದಲಾಗಿರುತ್ತಾ?"

"ಇಲ್ಲ ಸಾರ್. ಅದೇ ತಲೆಗೆ ಹೋಗ್ತಿಲ್ಲ."

"ಸೆಟ್ ಮಾಡಿದ ಮೇಲೆ, ರಾಕರ್ ಕವರ್ ಮುಚ್ಚೋ ಮುಂಚೆ — ಏನು ಮಾಡ್ತೀಯ?"

"ಕ್ಯಾನಿಂದ ರಾಕರ್ ಮೇಲೆ ಒಂದಿಷ್ಟು ಎಣ್ಣೆ ಹುಯ್ತೀನಿ. ಒಣಗಿದ್ದು ಓಡಬಾರದಲ್ಲ."

ಗೌರೀಶಂಕರರು ಕವರಿನ ಒಳಮೈಗೆ ಬೆರಳಾಡಿಸಿದರು. ಬೆರಳು ಒಣಗಿಯೇ ಇತ್ತು.

"ಇಂಜಿನ್ ಕಟ್ಟೋವಾಗ ತೊಳೆದ ಸಾಮಾನು ಎಲ್ಲಿಟ್ಟಿದ್ದೆ?"

"ಇಲ್ಲೇ, ಪೇಪರ್ ಹಾಸಿ."

"ಯಾರು ಮುಟ್ಟಿದ್ರು?"

"ಯಾರೂ ಮುಟ್ಟಿಲ್ಲ ಸಾರ್. ನಾನು ಊಟಕ್ಕೆ ಹೋದಾಗ ಮನೆ ಅಮ್ಮಾವ್ರು ಅದಕ್ಕೆ ಪೂಜೆ ಮಾಡಿದ್ರು, ಅಷ್ಟೇ."

"ಬೋರಯ್ಯ?" ಕೊಟ್ರಪ್ಪನವರು ನಡುವೆ ಬಾಯಿ ಹಾಕಿದರು. "ಅವನಿಗೆ ಈ ಕೆಲಸ ಸಿಗಲಿಲ್ಲ ಅಂತ ಸಿಟ್ಟಿತ್ತು."

"ಅವನು ಬಂದಿದ್ದು ಸದ್ದು ಶುರುವಾದ ಮೇಲೆ ಅಲ್ವಾ? ಅವನಲ್ಲ ಬಿಡಿ."

ಗೌರೀಶಂಕರರು ರಾಕರ್‌ಗಳನ್ನು ಪೋಣಿಸಿದ್ದ ಶಾಫ್ಟ್ ಬಿಚ್ಚಿಸಿದರು. ಅದನ್ನು ಹೊರುವ ಸ್ಟ್ಯಾಂಡುಗಳಲ್ಲಿ ಒಂದಕ್ಕೆ ಮಾತ್ರ ಬುಡದಲ್ಲಿ ಸಣ್ಣ ತೂತು. ತೆಳುತಂತಿ ತೂರಿಸಿ ಕೆದಕಿದಾಗ ಬೂದುಬಣ್ಣದ ಹೆಂಟೆಯೊಂದು ಅಂಗೈಗೆ ಉದುರಿತು.

"ಯಾರೋ ಬೇಕಂತಲೇ ಮಣ್ಣು ತುಂಬಿದ್ದಾರೆ," ಎಂದರು ಕೊಟ್ರಪ್ಪ.

"ಮಣ್ಣಲ್ಲ ಸ್ವಾಮಿ. ನಿಮ್ಮ ಹಣೆ ಮೇಲಿರೋದೇ — ವಿಭೂತಿ."

ಗೌರೀಶಂಕರರು ಸ್ಟ್ಯಾಂಡನ್ನು ಬೆಳಕಿಗೆ ಹಿಡಿದು ತೂತು ತೋರಿಸಿದರು.

"ಕೆಳಗಿಂದ ಎಣ್ಣೆ ಹತ್ತಿ ರಾಕರ್‌ಗಳಿಗೆ ಹೋಗೋದು ಈ ಒಂದು ತೂತಿಂದಲೇ. ಇದು ಕಟ್ಟಿಕೊಂಡಿತ್ತು. ಮಾರಯ್ಯ ಹುಯ್ದ ಎಣ್ಣೆ ಇರೋವರೆಗೆ ಸದ್ದಿಲ್ಲ, ಅದು ಇಳಿದುಹೋದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಬುಷ್ ಹೊಸದೇ. ಒಣಗಿ ಓಡಿದ್ದಕ್ಕೆ ಸವೆದಿದೆ. ಇವನ ಒಳ್ಳೇ ಅಭ್ಯಾಸವೇ ನಮ್ಮನ್ನೆಲ್ಲ ದಾರಿ ತಪ್ಪಿಸಿತು. ಇನ್ನು ತಪ್ಪಿತಸ್ಥರು ಯಾರು ಅಂದ್ರೆ—"

"ನಾನೇ."

ಕೊಟ್ರಪ್ಪನವರ ಹೆಂಡತಿ ಶಾಂತಾದೇವಿ ಶೆಡ್ಡಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಹೋದ ವರ್ಷ ಇವರಿಗೆ ಎದೆನೋವು ಬಂದಾಗ ಗ್ಯಾರೇಜು ತೆರೆದಿಟ್ಟೇ ಓಡಿ ಬಂದು ಆಸ್ಪತ್ರೆಗೆ ಸೇರಿಸಿದ್ಯಲ್ಲ ಮಾರಯ್ಯ. ನಿನಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗ್ಲೇ ಇಲ್ಲ. ನಿನ್ನ ಕೈಕೆಲಸಕ್ಕೆ ಶಿವ ಜೊತೆಗಿರ್ಲಿ ಅಂತ ಒಂದೊಂದು ಸಾಮಾನಿಗೂ ವಿಭೂತೀಲಿ ಮೂರು ಗೆರೆ ಎಳೆದೆ."

"ನೀವು ಅರ್ಧ ತಪ್ಪಿತಸ್ಥರು ಅಷ್ಟೇ ಅಮ್ಮ," ಗೌರೀಶಂಕರರು ನಕ್ಕರು. "ಇನ್ನರ್ಧ ಇವನು. ಮತ್ತೆ ಸೀಮೆಎಣ್ಣೆಯಲ್ಲಿ ಯಾಕಯ್ಯ ತೊಳೀಲಿಲ್ಲ?"

ಮಾರಯ್ಯ ತಲೆ ತಗ್ಗಿಸಿದ. "ದೇವರ ವಿಭೂತಿನ ಸೀಮೆಎಣ್ಣೇಲಿ ತೊಳೆಯೋಕೆ ಮನಸ್ಸು ಬರಲಿಲ್ಲ ಸಾರ್. ಒದ್ದೆ ಬಟ್ಟೇಲಿ ಒರೆಸಿದೆ."

"ಒರೆಸಿ ನೀನೇ ತೂತಿಗೆ ತುಂಬಿದೆ."

ಮಧ್ಯಾಹ್ನದೊಳಗೆ ತೂತನ್ನು ತೊಳೆದು, ಗಾಳಿ ಹೊಡೆದು, ಬೇರೆ ಬುಷ್ ಹಾಕಿದ್ದಾಯಿತು. ಕವರ್ ಮುಚ್ಚದೆ ಇಂಜಿನ್ ಚಾಲೂ ಮಾಡಿದರು. ಒಂದೊಂದು ರಾಕರಿನ ಸಂದಿಯಿಂದಲೂ ಎಣ್ಣೆ ಜಿನುಗತೊಡಗಿತು. ಫ್ಯಾನಿನ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾರಯ್ಯನಿಗೆ ಕೆಲವು ದಿನಗಳಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟ ಹಾಗಾಯಿತು.

ಕೊಟ್ರಪ್ಪನವರು ಎದ್ದು ಗೇಟಿನ ಕಡೆ ನಡೆದರು. ಅದೇ ಗೇಟಿಗೆ ಹೊರಟದ್ದು ಕಂಡು ಮಾರಯ್ಯನಿಗೆ ಮತ್ತೆ ಅಳುಕಾಯಿತು.

"ಸಂಜೀವಯ್ಯನೋರೇ, ಸ್ವಲ್ಪ ಹೊರಗೆ ಬನ್ನಿ," ಅವರ ದನಿ ನಿನ್ನೆಯಷ್ಟೇ ದೊಡ್ಡದಾಗಿತ್ತು. ಅಕ್ಕಪಕ್ಕದ ಮನೆಯವರೂ ಹೊರಗೆ ಇಣುಕಿದರು. "ನಿನ್ನೆ ಇಲ್ಲೇ ನಿಂತು ಈ ಮಾರಯ್ಯನ್ನ ಕಳ್ಳ ಅಂದೆ. ಅವನು ನಮ್ಮನೇದು ಒಂದು ನಟ್ಟೂ ಮುಟ್ಟಿಲ್ಲ. ನಾನಿವತ್ತು ಇಲ್ಲಿ ನಿಂತು ಮಾತಾಡ್ತಾ ಇರೋದು ಅವನ ಪುಣ್ಯದಿಂದ. ಅದನ್ನೂ ನೀವು ಕೇಳಿಸಿಕೊಳ್ಳಿ ಅಂತ ಕರೆದೆ."

ಮಾರಯ್ಯನಿಗೆ ಅವರಿಗೂ ಗೌರೀಶಂಕರರಿಗೂ ಕೈಮುಗಿಯಬೇಕೆನಿಸಿತು. ಕೈಯೆಲ್ಲ ಎಣ್ಣೆಯಾಗಿತ್ತು. ಹಾಗೆಯೇ ಮುಗಿದ.